ದ್ವೀಪದ ಮ್ಯೂಸಿಯಂಗೆ ರಿಜಿಸ್ಟರ್ ಒಂದೇ ಇರಲಿ

ರಾಪಾ ನುಯಿ, ಅಂದರೆ ಈಸ್ಟರ್ ದ್ವೀಪದ ಮ್ಯೂಸಿಯಂನಲ್ಲಿ ಒಂದು ಕಣ್ಣು ಇದೆ. 1978ರಲ್ಲಿ ಅನಕೇನಾ ಕಡಲತೀರದಲ್ಲಿ ಅಗೆಯುವಾಗ ಸಿಕ್ಕಿದ್ದು. ಬಿಳಿಗುಡ್ಡೆ ಹವಳದ್ದು, ಪಾಪೆ ಕೆಂಪು ಜ್ವಾಲಾಮುಖಿ ಕಲ್ಲಿನದು. ಮೋಆಯ್ ಎಂಬ ಅಲ್ಲಿಯ ದೈತ್ಯ ಪ್ರತಿಮೆಗಳ ಖಾಲಿ ಕಣ್ಣುಗೂಡುಗಳಲ್ಲಿ ಒಂದು ಕಾಲಕ್ಕೆ ಇಂಥ ಕಣ್ಣುಗಳು ಕೂತಿದ್ದವು ಎಂಬುದು ಆಗ ಖಚಿತವಾಯಿತು. ಈಗ ನೀವೇ ಹೇಳಿ, ಇದನ್ನು ಯಾವ ವಿಭಾಗಕ್ಕೆ ಹಾಕುತ್ತೀರಿ? ಹವಳ ಎಂದು ಜೀವವಿಜ್ಞಾನಕ್ಕೋ, ಕಲ್ಲು ಎಂದು ಭೂವಿಜ್ಞಾನಕ್ಕೋ, ಶಿಲ್ಪ ಎಂದು ಪುರಾತತ್ತ್ವಕ್ಕೋ?

ಇನ್ನೊಂದು ನೋಡಿ. ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಹವಾಯಿಯ ದೊರೆ ಕಮೆಹಮೆಹಾನದೆಂದು ಹೇಳುವ ಗರಿಯ ನಿಲುವಂಗಿ ಇದೆ. ಮಾಮೊ ಹಕ್ಕಿಯ ಹಳದಿ ಗರಿಗಳನ್ನು ಚಿಕ್ಕ ಚಿಕ್ಕ ಗೊಂಚಲು ಮಾಡಿ ನಾರಿನ ಬಲೆಗೆ ಕಟ್ಟಿದ್ದು. ಮಾಮೊ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಳಿದುಹೋಯಿತು. ಇತಿಹಾಸಕಾರನಿಗೆ ಅದು ರಾಜವಸ್ತ್ರ. ಪಕ್ಷಿತಜ್ಞನಿಗೆ ಇನ್ನೆಲ್ಲೂ ಹುಟ್ಟದ ಹಕ್ಕಿಯ ಸಾವಿರಾರು ಗರಿಗಳು.

ದೊಡ್ಡ ದೇಶಗಳ ಮ್ಯೂಸಿಯಂಗಳಲ್ಲಿ ನಿಸರ್ಗ ಒಂದು ಕಟ್ಟಡ, ಸಂಸ್ಕೃತಿ ಇನ್ನೊಂದು ಕಟ್ಟಡ. ದ್ವೀಪದಲ್ಲಿ ಆ ಗೋಡೆ ನಿಲ್ಲುವುದಿಲ್ಲ. ಅಲ್ಲಿಯ ಜನ ಕೈಗೆ ಸಿಕ್ಕ ಚಿಪ್ಪು, ಗರಿ, ಮೂಳೆ, ತೊಗಟೆಯಲ್ಲೇ ಪಾತ್ರೆಯಿಂದ ದೇವರವರೆಗೆ ಎಲ್ಲ ಮಾಡಿಕೊಂಡರು. ಹಾಗಾಗಿ ನನ್ನ ವಾದ ಇಷ್ಟು: ಮ್ಯೂಸಿಯಂಗೆ ಬಂದ ವಸ್ತುಗಳನ್ನೆಲ್ಲ ದಾಖಲಿಸುವ ರಿಜಿಸ್ಟರ್ ಒಂದೇ ಇರಲಿ. ಸಾಮಾನು ಇಡುವಾಗ ಮಾತ್ರ ಬೇರೆ ಮಾಡಿ, ಅದೂ ವಿಷಯದ ಪ್ರಕಾರ ಅಲ್ಲ, ಅದನ್ನು ಹಾಳು ಮಾಡುವುದು ಯಾವುದು ಎಂಬುದರ ಪ್ರಕಾರ. ಗರಿಯ ಕಿರೀಟ ಮತ್ತು ಹಕ್ಕಿಯ ಚರ್ಮ ಎರಡಕ್ಕೂ ಹುಳ ಒಂದೇ. ಕವಡೆ ಸರ ಮತ್ತು ಶಂಖದ ಮಾದರಿ ಎರಡನ್ನೂ ತಿನ್ನುವ ಆಮ್ಲ ಒಂದೇ. ಮುಳುಗಿದ ಹಡಗಿನ ಮೊಳೆಗೂ ಹಳೆಯ ದೀಪಸ್ತಂಭದ ತಿಜೋರಿಗೂ ಉಪ್ಪು ಒಂದೇ.

ಮೊದಲು ರಿಜಿಸ್ಟರ್. ಸಂಖ್ಯೆ ಸರಳವಾಗಿರಲಿ: 2024.15.3 ಅಂದರೆ 2024ರಲ್ಲಿ ಬಂದ ಹದಿನೈದನೆಯ ಕಂತಿನ ಮೂರನೆಯ ವಸ್ತು. ಸಂಖ್ಯೆಯೊಳಗೆ ‘ಪಕ್ಷಿ’, ‘ಬಟ್ಟೆ’ ಎಂಬ ಗುರುತಿನ ಅಕ್ಷರ ತುರುಕಬೇಡಿ. ಐದು ವರ್ಷ ಬಿಟ್ಟು ವರ್ಗೀಕರಣ ಬದಲಾದರೆ ಬರೆದ ಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ವಸ್ತುವಿನ ಜತೆಗೆ ಸಿಕ್ಕ ದಿನ, ಸಿಕ್ಕ ಜಾಗ, ಸಮುದ್ರದ್ದಾದರೆ ಆಳ, ಕೊಟ್ಟವರು, ಸ್ಥಳೀಯ ಹೆಸರು, ಬಳಕೆ ಇಷ್ಟೂ ಬರಬೇಕು. ಜಾಗ ಎಂದರೆ ದ್ವೀಪದ ಹೆಸರು ಬರೆದು ಕೈತೊಳೆದುಕೊಳ್ಳುವುದಲ್ಲ. ಗಾಳಿಗೆ ಎದುರಾದ ದಂಡೆಯ ಬಸವನಹುಳುವಿಗೂ ಮರೆಯ ದಂಡೆಯದಕ್ಕೂ ವ್ಯತ್ಯಾಸ ಇರಬಹುದು. ನಾಲ್ಕು ಕಿಲೋಮೀಟರ್ ಉದ್ದದ ದ್ವೀಪದಲ್ಲೂ ಅದು ಮುಖ್ಯ. ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಐದನೆಯ ಸ್ಥಾನದವರೆಗೆ ಬರೆದರೆ ಸುಮಾರು ಒಂದು ಮೀಟರ್ ನಿಖರತೆ ಸಿಗುತ್ತದೆ. ಯಾವ ಮಾನಕದ ಮೇಲೆ ಅಳೆದದ್ದು, ಸಾಮಾನ್ಯವಾಗಿ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84, ಅದನ್ನೂ ನಮೂದಿಸಿ.

ಇದೆಲ್ಲ ಬೇಕೇ ಎಂದು ಕೇಳುವವರಿಗೆ ಡೋಡೋ ಉತ್ತರ ಕೊಡುತ್ತದೆ. ಮಾರಿಷಸ್‌ನ ಆ ಹಕ್ಕಿ ಹದಿನೇಳನೆಯ ಶತಮಾನದಲ್ಲೇ ಮುಗಿದುಹೋಯಿತು. 1865ರಲ್ಲಿ ಮಾರ್ ಓ ಸೋಂಜ್ ಎಂಬ ಜೌಗಿನಲ್ಲಿ ಜಾರ್ಜ್ ಕ್ಲಾರ್ಕ್ ಎಂಬ ಶಾಲಾ ಶಿಕ್ಷಕರಿಗೆ ಅದರ ಮೂಳೆಗಳು ಸಿಕ್ಕವು. ಅಲ್ಲಿಂದ ಹೊರಗೆ ಹೋದ ಮೂಳೆಗಳಿಂದ ಜಗತ್ತಿನ ಎಷ್ಟೋ ಮ್ಯೂಸಿಯಂಗಳು ಅಸ್ಥಿಪಂಜರ ನಿಲ್ಲಿಸಿದವು. ಆದರೆ ಅವು ಹಲವು ಹಕ್ಕಿಗಳ ಮೂಳೆ ಕೂಡಿಸಿ ಕಟ್ಟಿದವು. ಕಾಲು ಒಂದರದ್ದು, ಕತ್ತು ಇನ್ನೊಂದರದ್ದು. ಎತ್ತರ ಎಷ್ಟು, ನಿಲುವು ಹೇಗೆ ಎಂದು ಅವುಗಳಿಂದ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎತಿಯೆನ್ ತಿರಿಯೂ ಎಂಬ ಹವ್ಯಾಸಿ ಪತ್ತೆಹಚ್ಚಿದ, ಬಹುಮಟ್ಟಿಗೆ ಒಂದೇ ಹಕ್ಕಿಯದಾದ ಅಸ್ಥಿಪಂಜರ ಪೋರ್ಟ್ ಲೂಯಿಯ ಮ್ಯೂಸಿಯಂನಲ್ಲಿದೆ. ಸಂಶೋಧಕರು ಸಾಲುಗಟ್ಟುವುದು ಅದರ ಮುಂದೆ. ಅಂದಹಾಗೆ, ಗಾಜಿನ ಪೆಟ್ಟಿಗೆಯಲ್ಲಿ ಗರಿ ತುಂಬಿಕೊಂಡು ನಿಂತ ಡೋಡೋ ನೋಡಿದ್ದರೆ, ಅದು ಬೇರೆ ಹಕ್ಕಿಗಳ ಗರಿ ಅಂಟಿಸಿದ ಗೊಂಬೆ. ನಿಜವಾದ ಡೋಡೋವಿನ ತುಂಬಿದ ಚರ್ಮ ಇವತ್ತು ಎಲ್ಲೂ ಇಲ್ಲ. ಪ್ರತಿಕೃತಿ ಇಟ್ಟರೆ ತಪ್ಪಿಲ್ಲ, ‘ಪ್ರತಿಕೃತಿ’ ಎಂದು ದೊಡ್ಡದಾಗಿ ಬರೆಯದಿದ್ದರೆ ತಪ್ಪು.

ವಸ್ತುವಿನ ಮೇಲೆ ಸಂಖ್ಯೆ ಬರೆಯುವುದು ಹೇಗೆ? ಗಟ್ಟಿ ವಸ್ತುವಾದರೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ರಾಳದ ಚಿಕ್ಕ ಪಟ್ಟಿ ಬಳಿದು, ಒಣಗಿದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಬರೆದು, ಮೇಲೊಂದು ಪದರ ಹಚ್ಚುವುದು. ಅಸಿಟೋನ್‌ನಲ್ಲಿ ಅದು ಮತ್ತೆ ಕರಗುವುದರಿಂದ ಬೇಡವಾದಾಗ ತೆಗೆಯಬಹುದು. ಹವಳ, ಚಿಪ್ಪಿನಂಥ ರಂಧ್ರವಿರುವ ಮೈಗೆ ನೇರ ಶಾಯಿ ತಾಗಿಸಿದರೆ ಅದು ಒಳಕ್ಕೆ ಇಂಗಿ ಶಾಶ್ವತ ಕಲೆಯಾಗುತ್ತದೆ. ಬಟ್ಟೆ, ಗರಿ, ಚಾಪೆಗಳಿಗೆ ರಾಳ ಬೇಡ. ಹತ್ತಿಯ ಟೇಪಿನ ಮೇಲೆ ಬರೆದು ಸಡಿಲವಾಗಿ ಹೊಲಿಯಿರಿ ಅಥವಾ ಕಟ್ಟಿ.

ಈಗ ಉಪ್ಪು ಮತ್ತು ತೇವಕ್ಕೆ ಬರೋಣ. ಇವತ್ತಿನ ಮಾತಿನ ಮುಖ್ಯ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೋಗೋಣ.

ದ್ವೀಪದ ಗಾಳಿಯಲ್ಲಿ ಉಪ್ಪಿನ ಸೂಕ್ಷ್ಮ ಕಣ ಸದಾ ಇರುತ್ತದೆ. ಅಡುಗೆ ಉಪ್ಪಿಗೆ, ಅಂದರೆ ಸೋಡಿಯಂ ಕ್ಲೋರೈಡಿಗೆ, ಒಂದು ಗಡಿ ಇದೆ: ಸಾಪೇಕ್ಷ ಆರ್ದ್ರತೆ (ಗಾಳಿ ಆ ಉಷ್ಣತೆಯಲ್ಲಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಈಗ ಅದರಲ್ಲಿದೆ ಎಂಬ ಅಳತೆ) ಸುಮಾರು 75% ದಾಟಿದರೆ ಅದು ಗಾಳಿಯ ನೀರನ್ನೇ ಎಳೆದುಕೊಂಡು ಕರಗುತ್ತದೆ, ಕೆಳಗಿಳಿದರೆ ಮತ್ತೆ ಹರಳಾಗುತ್ತದೆ. ಹರಳು ಬೆಳೆಯುವಾಗ ಒತ್ತಡ ಹಾಕುತ್ತದೆ. ಮಡಕೆಯ ರಂಧ್ರದೊಳಗೆ, ಹವಳದ ಕಲ್ಲಿನೊಳಗೆ, ಮೂಳೆಯೊಳಗೆ ಇದು ದಿನಕ್ಕೊಮ್ಮೆ ನಡೆದರೆ ಮೇಲ್ಪದರ ಹಿಟ್ಟಾಗಿ ಉದುರುತ್ತದೆ. ಇದನ್ನು ದಿನಕ್ಕೊಮ್ಮೆ ನಡೆಸುವವರು ಯಾರು ಗೊತ್ತೇ? ನಾವೇ. ಹಗಲು ಹತ್ತರಿಂದ ಐದರವರೆಗೆ ಏಸಿ ಹಾಕಿ, ಬೀಗ ಹಾಕುವಾಗ ಆರಿಸಿ ಹೋಗುತ್ತೇವೆ. ಹಗಲು 55%, ರಾತ್ರಿ 80%. ಏಸಿಯೇ ಇಲ್ಲದ, ಗಾಳಿಯಾಡುವ ಹಳೆಯ ಕೋಣೆ ಇದಕ್ಕಿಂತ ಮೇಲು.

ತಂಪು ಮಾಡುವುದೇ ಒಣಗಿಸುವುದು ಎಂಬ ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಲೆಕ್ಕ ನೋಡಿ: ಹೊರಗೆ 30 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ 70%. ಆ ಗಾಳಿ ಸುಮಾರು 24 ಡಿಗ್ರಿಗೆ ತಣಿದರೆ ಆರ್ದ್ರತೆ 100% ಮುಟ್ಟುತ್ತದೆ. ಕೋಣೆಯನ್ನು 22 ಡಿಗ್ರಿಗೆ ಇಟ್ಟು ಬಾಗಿಲು ತೆರೆದುಬಿಟ್ಟರೆ ತಣ್ಣನೆಯ ಗೋಡೆಗೂ ಲೋಹದ ಕಪಾಟಿಗೂ ನೀರು ಕೂರುತ್ತದೆ. ಆರ್ದ್ರತೆ 65–70% ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಕಪಾಟಿನ ಹಿಂಬದಿ, ಹೊರಗೋಡೆಗೆ ತಾಗಿದ ಕಡೆ, ಮೊದಲು ಅಲ್ಲೇ. ಆದ್ದರಿಂದ ಕಪಾಟನ್ನು ಹೊರಗೋಡೆಯಿಂದ ಒಂದಡಿ ಸರಿಸಿ. ದುಡ್ಡಿದ್ದರೆ ಮೊದಲು ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯುಮಿಡಿಫೈಯರ್ ತನ್ನಿ, ಏಸಿ ಆಮೇಲೆ. ವಿದ್ಯುತ್ ಕೈಕೊಡುವ ದ್ವೀಪವಾದರೆ ಕಟ್ಟಡದ ನಡುವೆ, ಹೊರಗೋಡೆ ಇಲ್ಲದ ಒಂದು ಕೋಣೆಯನ್ನು ಉಗ್ರಾಣ ಮಾಡಿ. ಯಂತ್ರ ನಿಂತ ಮೇಲೂ ಅಂಥ ಕೋಣೆಯ ಹವೆ ಗಂಟೆಗಟ್ಟಲೆ ಹೆಚ್ಚು ಬದಲಾಗುವುದಿಲ್ಲ. ಇನ್ನು ಏಸಿಯ ಹೊರಘಟಕದ ಸುರುಳಿಗಳನ್ನು ಆಗಾಗ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಅವನ್ನು ತಿಂದುಹಾಕುತ್ತದೆ. ಈ ಖರ್ಚನ್ನು ಬಜೆಟ್‌ನಲ್ಲಿ ಬರೆಯಲು ಮರೆಯುತ್ತಾರೆ.

ಕೋಣೆಯನ್ನು ಗೆಲ್ಲಲು ಆಗದಿದ್ದರೆ ಪೆಟ್ಟಿಗೆಯನ್ನು ಗೆಲ್ಲಿ. ಚೆನ್ನಾಗಿ ಮುಚ್ಚುವ ಪ್ರದರ್ಶನ ಪೆಟ್ಟಿಗೆಗೆ ಘನ ಮೀಟರಿಗೆ 20 ಕಿಲೋ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು, ಎಂಬುದು ಹಳೆಯ ರೂಢಿಯ ಲೆಕ್ಕ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಪೆಟ್ಟಿಗೆಗೆ 5 ಕಿಲೋ. ಔಷಧಿ ಡಬ್ಬಿಯಲ್ಲಿ ಬರುವ ಚಿಕ್ಕ ಪೊಟ್ಟಣ ನಾಲ್ಕು ಎಸೆದರೆ ಏನೂ ಆಗುವುದಿಲ್ಲ, ಅದು ಮನಸ್ಸಿನ ಸಮಾಧಾನ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲ; ಕಿತ್ತಳೆ ಬಣ್ಣದ್ದು ಕೊಳ್ಳಿ. ಆರ್ದ್ರತೆ ದಾಖಲಿಸುವ ಲಾಗರನ್ನು ಪೆಟ್ಟಿಗೆಯೊಳಗೆ ಇಡಿ. ಕೋಣೆಯ ಅಂಕಿ ನೋಡಿ ಪೆಟ್ಟಿಗೆಯ ಸ್ಥಿತಿ ಊಹಿಸಲು ಬರುವುದಿಲ್ಲ.

ಇಲ್ಲೇ ಒಂದು ಜಗಳ ಶುರುವಾಗುತ್ತದೆ. ಮರ, ದಂತ, ಚರ್ಮ, ಬುಟ್ಟಿಗಳಿಗೆ 50–60% ಹಿತ, ಒಣಗಿದರೆ ಸೀಳುತ್ತವೆ. ಉಪ್ಪು ಹೊಕ್ಕ ಲೋಹಕ್ಕೆ ಅದೇ 50% ವಿಷ. ಕಂಚಿನ ಮೇಲೆ ತಿಳಿಹಸಿರು ಪುಡಿಯ ಚುಕ್ಕೆ ಕಂಡು, ಒರೆಸಿದರೂ ವಾರದಲ್ಲಿ ಮತ್ತೆ ಬಂದರೆ ಅದು ‘ಬ್ರಾಂಜ್ ಡಿಸೀಸ್’. ಒಳಗಿನ ಕ್ಲೋರೈಡ್ ತೇವ ಕುಡಿದು ಲೋಹವನ್ನು ತಿನ್ನುತ್ತಿರುತ್ತದೆ. ಅದನ್ನು ತಡೆಯಲು 40%ಕ್ಕಿಂತ ಕೆಳಗಿರಬೇಕು. ಸಮುದ್ರದ ಕಬ್ಬಿಣ ಇನ್ನೂ ಹಟಮಾರಿ. ಬ್ರಿಸ್ಟಲ್‌ನಲ್ಲಿ ಒಣ ಹಡಗುಕಟ್ಟೆಯಲ್ಲಿ ನಿಂತಿರುವ ಎಸ್‌ಎಸ್ ಗ್ರೇಟ್ ಬ್ರಿಟನ್ ಎಂಬ ಕಬ್ಬಿಣದ ಹಡಗಿನ ಕೆಳಮೈಯನ್ನು ಗಾಜಿನ ಹೊದಿಕೆಯಡಿ ಸುಮಾರು 20% ಆರ್ದ್ರತೆಯಲ್ಲಿ ಇಟ್ಟಿದ್ದಾರೆ. ನಿಮ್ಮ ಮ್ಯೂಸಿಯಂನ ಲಂಗರು, ಮೊಳೆ, ಗುಂಡುಗಳಿಗೆ ಅಷ್ಟು ದೊಡ್ಡ ಏರ್ಪಾಟು ಬೇಡ. ಬಿಗಿ ಮುಚ್ಚಳದ ಪಾಲಿಪ್ರೊಪಿಲಿನ್ ಡಬ್ಬಿ, ಒಣ ಜೆಲ್, ಆರ್ದ್ರತೆ ತೋರಿಸುವ ಕಾಗದದ ಪಟ್ಟಿ ಸಾಕು. ಕಬ್ಬಿಣದ ಅಲಗು, ಮರದ ಹಿಡಿ ಇರುವ ಈಟಿ ಬಂದರೆ? ಎರಡಕ್ಕೂ ಪೂರ್ತಿ ಹಿತವಾದ ಅಂಕಿ ಇಲ್ಲ. ಯಾವುದು ಈಗ ಸಕ್ರಿಯವಾಗಿ ಹಾಳಾಗುತ್ತಿದೆಯೋ ಅದರ ಕಡೆ ವಾಲಬೇಕು, ಮತ್ತು ಇಳಿಕೆ ವಾರಗಳ ಮೇಲೆ ನಿಧಾನವಾಗಿ ಆಗಬೇಕು.

ಸಮುದ್ರದ ತಳದಿಂದ ಬಂದದ್ದರ ಮಾತು ಬಂತು, ಒಂದೇ ನಿಯಮ ಹೇಳಿಬಿಡುತ್ತೇನೆ: ಒಣಗಲು ಬಿಡಬೇಡಿ. ಮೆರುಗು ಲೇಪದ ಪಿಂಗಾಣಿಯನ್ನು ಬಿಸಿಲಿಗಿಟ್ಟರೆ ಉಪ್ಪು ಮೆರುಗಿನ ಕೆಳಗೆ ಹರಳಾಗಿ ಚಕ್ಕೆ ಎಬ್ಬಿಸುತ್ತದೆ. ಮೊದಲು ಸಮುದ್ರದ ನೀರಲ್ಲೇ ಇಡಿ, ಆಮೇಲೆ ಅರ್ಧ ಸಿಹಿನೀರು, ಆಮೇಲೆ ಪೂರ್ತಿ ಸಿಹಿನೀರು, ಕೊನೆಗೆ ಶುದ್ಧೀಕರಿಸಿದ ನೀರು. ಮುಗಿಯಿತೋ ಇಲ್ಲವೋ ಎಂದು ವಿದ್ಯುತ್ ವಾಹಕತೆಯ ಮೀಟರ್ ಹೇಳುತ್ತದೆ: ಹೊಸ ನೀರು ಹಾಕಿ ದಿನಗಳಾದರೂ ಅಂಕಿ ಏರದಿದ್ದರೆ ಉಪ್ಪು ಬಿಟ್ಟಿದೆ. ದ್ವೀಪದಲ್ಲಿ ಸಿಹಿನೀರೇ ದುಬಾರಿ, ನಿಜ. ಮಳೆನೀರು ಹಿಡಿಯಿರಿ, ಆದರೆ ಸೂರು ತೊಳೆದುಹೋದ ಮೇಲಿನದ್ದು, ಮತ್ತು ಅದನ್ನೂ ಮೀಟರಿನಲ್ಲಿ ನೋಡಿಯೇ ಬಳಸಿ. ಕಡಲ ದಂಡೆಯ ಮಳೆಯಲ್ಲೂ ಉಪ್ಪು ಇರುತ್ತದೆ. ಕಬ್ಬಿಣಕ್ಕೆ ಸಾದಾ ನೀರು ಬೇಡ, ಲೀಟರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿದ ನೀರು ಬೇಕು. ಕೈಗವಸು, ಕನ್ನಡಕ ಹಾಕಿ, ಸೋಡಾವನ್ನು ನೀರಿಗೆ ಹಾಕಿ, ಸೋಡಾಕ್ಕೆ ನೀರು ಸುರಿಯಬೇಡಿ. ಫಿರಂಗಿಯಂಥದ್ದಕ್ಕೆ ಇದು ವರ್ಷಗಳ ಕೆಲಸ. ನೆನೆದ ಮರವಂತೂ ಬೇರೆಯೇ ಲೋಕ. 1961ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೇಲೆತ್ತಿದ ವಾಸಾ ಹಡಗಿಗೆ 1962ರಿಂದ 1979ರವರೆಗೆ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಮೇಣದಂಥ ದ್ರಾವಣ ಸಿಂಪಡಿಸುತ್ತಲೇ ಇದ್ದರು. ಅಷ್ಟು ತಾಳ್ಮೆ, ದುಡ್ಡು ಇಲ್ಲದಿದ್ದರೆ ಮರ ಸಮುದ್ರದಲ್ಲೇ ಇರಲಿ. ಮೇಲೆತ್ತಿ ಒಣಗಿಸಿ ಕೊಲ್ಲುವುದಕ್ಕಿಂತ ಜಾಗ ಗುರುತಿಸಿ ಬಿಡುವುದೇ ಸಂರಕ್ಷಣೆ.

ಚಿಪ್ಪು, ಶಂಖಗಳ ವಿಷಯ. ಜನ ಇವನ್ನು ಕಲ್ಲಿನಂತೆ ಗಟ್ಟಿ ಎಂದುಕೊಂಡು ಮರದ ಡ್ರಾಯರ್‌ಗೆ ಹಾಕಿ ಮರೆಯುತ್ತಾರೆ. ಹತ್ತು ವರ್ಷ ಬಿಟ್ಟು ತೆರೆದರೆ ಮೇಲೆ ಬಿಳಿ ಹಿಟ್ಟು, ಹೊಳಪು ಮಾಯ, ಮೂಗಿಗೆ ವಿನೆಗರ್ ವಾಸನೆ. ಓಕ್ ಮರ, ಎಂಡಿಎಫ್, ಪ್ಲೈವುಡ್ ಬಿಡುವ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿ ಕ್ಯಾಲ್ಸಿಯಂ ಕಾರ್ಬೊನೇಟನ್ನು ತಿಂದು ಲವಣ ಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೈನ್ ಎಂಬ ಇಂಗ್ಲಿಷ್ ಚಿಪ್ಪುತಜ್ಞ ಇದನ್ನು ವಿವರಿಸಿ, ಸೂಕ್ಷ್ಮಾಣುಗಳ ಕೆಲಸ ಎಂದುಕೊಂಡ. ರೋಗವೇ ಅಲ್ಲದಿದ್ದರೂ ಇವತ್ತಿಗೂ ‘ಬೈನ್ಸ್ ಡಿಸೀಸ್’ ಎಂಬ ಹೆಸರೇ ನಿಂತಿದೆ. ತೇವ ಹೆಚ್ಚಿದಷ್ಟೂ ಇದು ವೇಗ. ಹಕ್ಕಿ ಮೊಟ್ಟೆಗೂ, ಹವಳಕ್ಕೂ, ಕವಡೆ ಸರಕ್ಕೂ ಇದೇ ಗತಿ, ಹಾಗಾಗಿಯೇ ಅವೆಲ್ಲ ಒಂದೇ ಉಕ್ಕಿನ ಬೀರುವಿನಲ್ಲಿ ಇರಲಿ ಎನ್ನುವುದು. ಪೌಡರ್ ಕೋಟಿಂಗ್ ಮಾಡಿದ ಉಕ್ಕು, ಆಮ್ಲರಹಿತ ರಟ್ಟಿನ ಪೆಟ್ಟಿಗೆ, ಕೆಳಗೆ ಪಾಲಿಎಥಿಲಿನ್ ಫೋಮ್. ಸಮುದ್ರದಿಂದ ತಂದ ಚಿಪ್ಪನ್ನು ಉಪ್ಪು ಹೋಗುವಷ್ಟು ನೆನೆಸಿ ಒಣಗಿಸಿಯೇ ಒಳಗಿಡಿ. ಹೊಳಪಿಗೆ ಎಣ್ಣೆ, ವಾರ್ನಿಷ್ ಹಚ್ಚಬೇಡಿ.

ಹೊಸ ಪೆಟ್ಟಿಗೆಯ ಬಟ್ಟೆ, ಅಂಟು, ಬಣ್ಣ ಸುರಕ್ಷಿತವೋ ಎಂದು ಪರೀಕ್ಷಿಸಲು ಆಡಿ ಪರೀಕ್ಷೆ ಇದೆ, ಬ್ರಿಟಿಷ್ ಮ್ಯೂಸಿಯಂನಿಂದ ಬಂದದ್ದು. ಆ ವಸ್ತುವಿನ 2 ಗ್ರಾಂ ತುಂಡನ್ನು ಗಾಜಿನ ನಳಿಕೆಯಲ್ಲಿ ಬೆಳ್ಳಿ, ತಾಮ್ರ, ಸೀಸದ ಚೂರುಗಳ ಜತೆ, ಒಂದಿಷ್ಟು ಹನಿ ನೀರು ಸೇರಿಸಿ ಮುಚ್ಚಿ, 60 ಡಿಗ್ರಿಯಲ್ಲಿ 28 ದಿನ ಇಡುವುದು. ಸೀಸದ ಮೇಲೆ ಬಿಳಿ ಪುಡಿ ಬಂದರೆ ಆಮ್ಲ, ಬೆಳ್ಳಿ ಕಪ್ಪಾದರೆ ಗಂಧಕ. ವಸ್ತುವಿಲ್ಲದ ಒಂದು ಖಾಲಿ ನಳಿಕೆಯನ್ನೂ ಪಕ್ಕಕ್ಕಿಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಒಂದು ತಿಂಗಳು ಕಾಯಲು ಉದ್ಘಾಟನೆಯ ದಿನಾಂಕ ಬಿಡುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಪೆಟ್ಟಿಗೆಯನ್ನು ಒಂದು ತಿಂಗಳು ಮೊದಲೇ ಆರ್ಡರ್ ಮಾಡಿ.

ಮೀನು, ಹಲ್ಲಿ, ಹಾವುಗಳನ್ನು ದ್ರವದಲ್ಲಿ ಇಡುವುದು ಹೇಗೆ? ಮೊದಲು ವಂಶವಾಹಿ ಅಧ್ಯಯನಕ್ಕೆ ಒಂದು ಚೂರು ಮಾಂಸ ಕತ್ತರಿಸಿ 95% ಇಥನಾಲ್‌ನಲ್ಲಿ, ಅಂದರೆ ಆಲ್ಕೋಹಾಲ್‌ನಲ್ಲಿ ಹಾಕಿ ಫ್ರೀಜರಿಗಿಡಿ; ಫಾರ್ಮಾಲಿನ್ ಮುಟ್ಟಿದ ಮೇಲೆ ಡಿಎನ್‌ಎ ತೆಗೆಯುವುದು ಬಹಳ ಕಷ್ಟ. ಆಮೇಲೆ 37% ಫಾರ್ಮಾಲ್ಡಿಹೈಡ್ ದ್ರಾವಣ 1 ಪಾಲು, ನೀರು 9 ಪಾಲು ಬೆರೆಸಿ ಪ್ರಾಣಿಯನ್ನು ಅದರಲ್ಲಿ ಮುಳುಗಿಸಿ. ಇದನ್ನೇ 10% ಫಾರ್ಮಾಲಿನ್ ಎನ್ನುವುದು, ಅದರಲ್ಲಿ ನಿಜಕ್ಕೂ ಇರುವುದು 3.7% ಫಾರ್ಮಾಲ್ಡಿಹೈಡ್. ಬೋರಾಕ್ಸ್ ಹಾಕಿ ಆಮ್ಲತೆ ತಗ್ಗಿಸಿ, ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ದೊಡ್ಡ ಮೀನಿಗೆ ಹೊಟ್ಟೆಯೊಳಗೆ ಚುಚ್ಚಿ ತುಂಬಿಸಿ; ಹೊರಗೆ ಗಟ್ಟಿ, ಒಳಗೆ ಕೊಳೆತ ಮಾದರಿಗಳು ಹುಟ್ಟುವುದು ಈ ಹಂತ ಬಿಟ್ಟಾಗ. ಒಂದೆರಡು ವಾರದ ಮೇಲೆ ನೀರಲ್ಲಿ ತೊಳೆದು, 30%, 50% ಎಂದು ಮೆಟ್ಟಿಲು ಹತ್ತಿಸಿ 70% ಇಥನಾಲ್‌ಗೆ ತನ್ನಿ. 95%ದ್ದು 700 ಮಿಲಿಲೀಟರ್ ತೆಗೆದುಕೊಂಡು ಒಟ್ಟು 950 ಆಗುವವರೆಗೆ ನೀರು ಸೇರಿಸಿದರೆ 70% ಆಯಿತು. ಏಡಿ, ಬಸವನಹುಳು, ಹವಳಗಳಿಗೆ ಫಾರ್ಮಾಲಿನ್ ಬೇಡ, ನೇರ ಇಥನಾಲ್.

ಜಾಡಿಯ ಮಟ್ಟ ಇಳಿದಾಗ ಎಲ್ಲರೂ ಮಾಡುವ ತಪ್ಪು 70%ದ್ದನ್ನೇ ಮೇಲೆ ಸುರಿಯುವುದು. ನೀರಿಗಿಂತ ಆಲ್ಕೋಹಾಲ್ ಬೇಗ ಆವಿಯಾಗುತ್ತದೆ, ಉಳಿದಿರುವುದು ಈಗಾಗಲೇ ತೆಳು. ಹೀಗೇ ತುಂಬಿಸುತ್ತ ಹೋದರೆ ಜಾಡಿ ತುಂಬಿಯೇ ಕಾಣುತ್ತದೆ, ಮೀನು ಮಾತ್ರ ಒಳಗೆ ಕರಗುತ್ತಿರುತ್ತದೆ. ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಹಾಕಿ ಅಳೆದು, ಬೇಕಾದಷ್ಟು ಗಾಢವಾದದ್ದನ್ನು ಸೇರಿಸಿ. ಚೀಟಿ ಜಾಡಿಯ ಒಳಗೇ ಇರಲಿ, ಹತ್ತಿಯ ಕಾಗದದಲ್ಲಿ, ಪೆನ್ಸಿಲ್‌ನಲ್ಲಿ. ಬಾಲ್ ಪೆನ್ನಿನ ಶಾಯಿ ಇಥನಾಲ್‌ನಲ್ಲಿ ಕರಗಿ ಹೋಗುತ್ತದೆ. 70% ಇಥನಾಲ್ 17 ಡಿಗ್ರಿಯ ಆಸುಪಾಸಿನಲ್ಲೇ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ, ಆದ್ದರಿಂದ ಈ ಕೋಣೆಗೆ ಕಿಡಿ ಹಾರದ ಸ್ವಿಚ್, ಸದಾ ತಿರುಗುವ ಎಕ್ಸಾಸ್ಟ್ ಬೇಕು.

ಹುಳ. ಗರಿ, ಉಣ್ಣೆ, ಚರ್ಮ, ಒಣ ಕೀಟ ಎಲ್ಲಕ್ಕೂ ಶತ್ರು ಆಂಥ್ರೀನಸ್ ಎಂಬ ಚಿಕ್ಕ ದುಂಬಿಯ ಮರಿ. ಕಂದುಬಣ್ಣದ ಕೂದಲುಮೈ, ಪೊರೆ ಬಿಟ್ಟ ಕಡೆ ಖಾಲಿ ಹೊಟ್ಟಿನಂತೆ ಕಾಣುತ್ತದೆ. ಆ ಹೊಟ್ಟು ಕಂಡರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ, ತಣ್ಣಗೆ ಮಾಡಿ. ವಸ್ತುವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಪಾಲಿಥಿನ್ ಚೀಲದಲ್ಲಿ ಗಾಳಿ ಹೊರತೆಗೆದು ಮುಚ್ಚಿ, −30 ಡಿಗ್ರಿಯಲ್ಲಿ ಮೂರು ದಿನ, ಅಥವಾ −20ರಲ್ಲಿ ಎರಡು ವಾರ. ಹೊರತೆಗೆದ ಮೇಲೆ ಇಡೀ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹೊರಗಿನ ತೇವವೆಲ್ಲ ತಣ್ಣನೆಯ ಗರಿಯ ಮೇಲೆ ಕೂರುತ್ತದೆ. ಗಾಜು, ದಂತ, ಅರಗು, ಬಣ್ಣದ ಚಿತ್ರಪಟ ಫ್ರೀಜರಿಗೆ ಹೋಗಬಾರದು. ಹೊಸದಾಗಿ ಬಂದ ಪ್ರತಿಯೊಂದು ಗರಿ, ನಾರು, ಚಾಪೆಯೂ ಮೊದಲು ಫ್ರೀಜರಿನಿಂದಲೇ ಒಳಬರಲಿ. ದಾನಿ ಪಕ್ಕದಲ್ಲೇ ನಿಂತಿದ್ದರೂ ಸರಿ. ಇನ್ನೊಂದು ಎಚ್ಚರಿಕೆ: ಹಳೆಯ ತುಂಬಿದ ಹಕ್ಕಿ, ಪ್ರಾಣಿಗಳ ಚರ್ಮಕ್ಕೆ ಆರ್ಸೆನಿಕ್ ಎಂಬ ವಿಷ ಬೆರೆತ ಸಾಬೂನು ಹಚ್ಚುತ್ತಿದ್ದರು. ಇಪ್ಪತ್ತನೆಯ ಶತಮಾನದ್ದಕ್ಕೂ ಇರಬಹುದು. ನೈಟ್ರೈಲ್ ಕೈಗವಸಿಲ್ಲದೆ ಮುಟ್ಟಬೇಡಿ, ಮಕ್ಕಳಿಗೆ ಮುಟ್ಟಲು ಕೊಡಲೇಬೇಡಿ. ಗರಿಗೂ ತೊಗಟೆ ಬಟ್ಟೆಗೂ ಬೆಳಕು 50 ಲಕ್ಸ್ ಮೀರದಿರಲಿ. ಮಾಸಿದ ಬಣ್ಣ ಮರಳಿ ಬರುವುದಿಲ್ಲ.

ದ್ವೀಪದ ಅತಿ ಮುಖ್ಯ ವಸ್ತುಗಳು ಎಷ್ಟೋ ಸಲ ದ್ವೀಪದಲ್ಲೇ ಇರುವುದಿಲ್ಲ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಹಾರಲಾಗದ ಪುಟ್ಟ ಗುಬ್ಬಿಯಂಥ ಹಕ್ಕಿ 1890ರ ದಶಕದಲ್ಲಿ, ದೀಪಸ್ತಂಭದ ಕಾಲದಲ್ಲಿ ಬಂದ ಬೆಕ್ಕುಗಳಿಗೆ ಬಲಿಯಾಯಿತು. ಉಳಿದ ಬೆರಳೆಣಿಕೆಯ ಚರ್ಮಗಳು ಹಲವು ದೇಶಗಳ ಮ್ಯೂಸಿಯಂಗಳಿಗೆ ಹಂಚಿಹೋಗಿವೆ. ಆದರೆ ವಾಪಸು ಬರುವುದೂ ಉಂಟು. 1779ರಲ್ಲಿ ಹವಾಯಿಯ ಅರಸ ಕಲನಿಓಪುಉ ಕ್ಯಾಪ್ಟನ್ ಕುಕ್‌ಗೆ ತೊಡಿಸಿದ ಗರಿಯ ನಿಲುವಂಗಿ ಮತ್ತು ಶಿರಸ್ತ್ರಾಣ ನ್ಯೂಜಿಲೆಂಡಿನ ಟೆ ಪಾಪಾ ಮ್ಯೂಸಿಯಂನಿಂದ 2016ರಲ್ಲಿ ದೀರ್ಘಾವಧಿ ಸಾಲವಾಗಿ ಹವಾಯಿಗೆ ಬಂತು, 2020ರಲ್ಲಿ ಶಾಶ್ವತವಾಗಿ ಅಲ್ಲಿಯದೇ ಆಯಿತು. ಕೇಳಿಕೊಂಡು ಹೋಗುವವರು ಕೈಯಲ್ಲಿ ಒಂದು ವರ್ಷದ ಆರ್ದ್ರತೆ, ಬೆಳಕು, ಹುಳದ ದಾಖಲೆ ಇಟ್ಟುಕೊಂಡು ಹೋಗಿ. ‘ನಿಮ್ಮಲ್ಲಿ ಹಾಳಾಗುತ್ತದೆ’ ಎಂಬ ಮಾತಿಗೆ ಭಾವನೆಗಿಂತ ಆ ಕಾಗದ ಚೆನ್ನಾಗಿ ಉತ್ತರಿಸುತ್ತದೆ. ಆಮೆ ಚಿಪ್ಪಿನ ಬಾಚಣಿಗೆ, ಕಪ್ಪು ಹವಳದ ಆಭರಣ ಗಡಿ ದಾಟಬೇಕಾದರೆ ಅಳಿವಿನಂಚಿನ ಜೀವಿಗಳ ವ್ಯಾಪಾರದ ಒಪ್ಪಂದ, ಅಂದರೆ ಸೈಟಿಸ್ ಪರವಾನಗಿ ಬೇಕು. ಎಷ್ಟೇ ಹಳೆಯದಾದರೂ ಹಳೆಯದು ಎಂಬ ಪ್ರಮಾಣಪತ್ರವಿಲ್ಲದೆ ವಿಮಾನ ನಿಲ್ದಾಣದಲ್ಲೇ ನಿಲ್ಲುತ್ತದೆ.

ಕೊನೆಯದು ಚಂಡಮಾರುತ. ಉಗ್ರಾಣ ನೆಲಮಾಳಿಗೆಯಲ್ಲಿ ಬೇಡ, ನೇರ ಸೂರಿನ ಕೆಳಗೂ ಬೇಡ. ಕೆಳಗಿನ ಹಲಗೆ ನೆಲದಿಂದ ಕನಿಷ್ಠ 15 ಸೆಂಟಿಮೀಟರ್ ಮೇಲಿರಲಿ. ಮೊದಲು ಎತ್ತಬೇಕಾದ ಇಪ್ಪತ್ತು ವಸ್ತುಗಳ ಪಟ್ಟಿ, ಅವು ಎಲ್ಲಿವೆ ಎಂಬ ನಕ್ಷೆ, ಬಾಗಿಲ ಪಕ್ಕದಲ್ಲೇ ಇರಲಿ; ಇಪ್ಪತ್ತಕ್ಕಿಂತ ಉದ್ದದ ಪಟ್ಟಿಯನ್ನು ಗಾಳಿಯಲ್ಲಿ ಯಾರೂ ಓದುವುದಿಲ್ಲ. ನೀರು ನುಗ್ಗಿದ ಮೇಲೆ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಸಮುದ್ರದ ನೀರು ಬಿದ್ದದ್ದನ್ನು, ತೊಳೆಯಲು ತಾಳುವಂಥದ್ದಾದರೆ, ಮೊದಲು ಸಿಹಿನೀರಲ್ಲಿ ತೊಳೆದು ಆಮೇಲೆ ಒಣಗಿಸಿ. ಒಣಗಿಸಲು ಪುರುಸೊತ್ತಿಲ್ಲದ ಒದ್ದೆ ಕಾಗದ, ಪುಸ್ತಕಗಳನ್ನು ಹುಳಕ್ಕೆಂದು ಕೊಂಡ ಅದೇ ಫ್ರೀಜರಿಗೆ ಹಾಕಿ. ಜನರೇಟರಿನ ಡೀಸೆಲ್ ಲೆಕ್ಕದಲ್ಲಿ ಫ್ರೀಜರನ್ನೂ ಸೇರಿಸಿ. ರಿಜಿಸ್ಟರಿನ ಒಂದು ಪ್ರತಿ, ಚಿತ್ರಗಳ ಸಮೇತ, ಮೂರು ತಿಂಗಳಿಗೊಮ್ಮೆ ದ್ವೀಪದಿಂದ ಹೊರಗೆ ಹೋಗಬೇಕು. ಅದೇ ಊರಿನ ಇನ್ನೊಂದು ಕಚೇರಿಯಲ್ಲಿಟ್ಟ ಪ್ರತಿ ಲೆಕ್ಕಕ್ಕಿಲ್ಲ, ಅದೇ ಗಾಳಿ ಅಲ್ಲಿಗೂ ಬೀಸುತ್ತದೆ.